ನಾಲ್ಕನೇ ಜ್ವರ

ನಮ್ಮ ಕಡೆ ಹುಳು ನಿದ್ದೆ ಮಾಡುವುದಿಲ್ಲ,
ಜ್ವರಕ್ಕೆ ಕೂರುತ್ತದೆ.
ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು.
ಕೂತಾಗ ಸೊಪ್ಪು ಹಾಕಬಾರದು.
ಸುಣ್ಣ ಎರಚಿ, ಬಾಗಿಲು ಎಳೆದು, ಬಿಟ್ಟುಬಿಡಬೇಕು.
ತಲೆಯೆತ್ತಿಕೊಂಡು ಉಪವಾಸ ಕೂತು
ಹಳೇ ಚರ್ಮ ಕಳಚಿ ಏಳುತ್ತದೆ.
ಎದ್ದವಾ? ಎಷ್ಟು ಎದ್ದವು? ಎಂದು
ದಾರಿಯಲ್ಲಿ ಸಿಕ್ಕವರು ವಿಚಾರಿಸುತ್ತಾರೆ,
ಉಂಡಿರಾ ಎಂದು ವಿಚಾರಿಸುವ ಹಾಗೆ.

ಸೊಪ್ಪು ಆವಲಪ್ಪನವರ ತೋಟದ್ದು, ಹುಳು ಅರ್ಧ ಪಾಲಿಗೆ.
ಎರಡಂಕಣದ ಮನೆಯೊಳಗೆ ತಟ್ಟೆಗಳು, ಹೊರಗೆ ನಾವು:
ಗೋಣಿಚೀಲ ಇಳಿಬಿಟ್ಟ ಜಗಲಿಯಲ್ಲಿ
ನಾಯನ, ಅಮ್ಮ, ನಾನು, ತಂಗಿ ಬಾಲಕ್ಕ,
ಗೋಡೆಯ ಬದಿಗೆ ಮುನೇಂದ್ರ.

ಅವನಿಗೆ ಮೈ ಕಾದದ್ದು ಗುರುವಾರ.
ಹುಳು ನಾಲ್ಕಕ್ಕೆ ಹತ್ತಿರ, ಕೈ ಬಿಡುವಂತಿಲ್ಲ.
ಮೆಡಿಕಲ್ಲಿನ ಹುಡುಗ ಕೊಟ್ಟ ಎರಡು ಗುಳಿಗೆ,
ಹಣೆಗೆ ಒದ್ದೆ ಬಟ್ಟೆ.
ಶನಿವಾರ ಸಂಜೆ ಕೂತವು, ಎಲ್ಲ ಒಟ್ಟಿಗೆ.
ಬೆಳಗಿನ ಬಸ್ಸಿಗೆ ಶಿಡ್ಲಘಟ್ಟದ ಆಸ್ಪತ್ರೆ, ಎಂದ ನಾಯನ.
ನಾಳೆ ಪುರುಸೊತ್ತು.

ಆ ರಾತ್ರಿ ಮನೆ ಎಷ್ಟು ಸುಮ್ಮನಿತ್ತೆಂದರೆ
ಹದಿನೆಂಟು ದಿನದಿಂದ ಕಿವಿಯಲ್ಲೇ ಇದ್ದ
ಸೊಪ್ಪು ಮೇಯುವ ಸದ್ದು ನಿಂತುಹೋಗಿ
ಅವನ ಉಸಿರು ಎಣಿಸಬಹುದಿತ್ತು.
ನಾನು ಎಣಿಸಿದೆ.
ಎಷ್ಟಕ್ಕೆ ನಿದ್ದೆ ಬಂತೋ.

ಊರಲ್ಲಿ ಕನ್ನಡ ಆಡುವ ಅಮ್ಮ
ಅತ್ತದ್ದು ತವರಿನ ತೆಲುಗಿನಲ್ಲಿ.
ಆ ಮಾತಿನಲ್ಲಿ ಅಪ್ಪನೂ ನಾಯನ,
ಮುದ್ದಿಗೆ ಮಗನೂ ನಾಯನ.
ಹಾರೆ ಹುಡುಕುತ್ತಿದ್ದವನು
ಪ್ರತಿ ಕೂಗಿಗೂ ತಿರುಗಿ ನೋಡಿದ.
ಬಂಡೆಯ ಹಿಂದಿನ ಖರಾಬಿನಲ್ಲಿ
ಇಷ್ಟಗಲ ಸಾಕು, ಸಣ್ಣವನು, ಎಂದರು ಯಾರೋ.
ನಾಯನ ಇನ್ನೂ ಅಗೆದ.

ಭಾನುವಾರ ರಾತ್ರಿ ಹುಳು ಎದ್ದವು.
ಸೂತಕದ ಕೈ ತಾಗಿದರೆ ಹಾಲುತೊಂಡೆ ಬಡಿಯುತ್ತದೆ,
ಎಂದಳು ದೊಡ್ಡಮ್ಮ, ಹೊಸಲು ದಾಟದೆ.
ಹಿಂದಿನ ಬೀದಿಯ ಮಾಬೂಬಿ ಬಂದು
ತನ್ನ ಮನೆ ಹುಳುವಿನ ನಡುವೆ ಎರಡು ಹೊತ್ತು ಸೊಪ್ಪು ಹಾಕಿದಳು.
ಮೂರನೇ ಹೊತ್ತಿಗೆ ಬರಲಾಗಲಿಲ್ಲ.

ಹಸಿದ ಹುಳು ತಟ್ಟೆಯ ಅಂಚಿಗೆ ಬಂದು
ತಲೆ ಆಡಿಸುತ್ತವೆ, ಅತ್ತ, ಇತ್ತ,
ಏನೂ ಇಲ್ಲದ ಗಾಳಿಯಲ್ಲಿ.
ಬಾಗಿಲ ಸಂದಿಯಿಂದ ಅಮ್ಮ ಬಹಳ ಹೊತ್ತು ನೋಡಿದಳು.
ಎದ್ದು, ತಲೆಗೆ ಎರಡು ಕೊಡ ಸುರಿದುಕೊಂಡು, ಒಳಗೆ ಹೋದಳು.
ಯಾರೂ ಏನೂ ಅನ್ನಲಿಲ್ಲ.
ಸ್ವಲ್ಪ ಹೊತ್ತಿಗೆ ಸದ್ದು ಶುರುವಾಯಿತು.
ಹೊರಗಿನವರಿಗೆ ಅದು ಮಳೆಯ ಹಾಗೆ ಕೇಳುತ್ತದಂತೆ.
ನನಗೆ ಆವತ್ತಿನಿಂದ
ಯಾರೋ ಕಾಯಿಲೆಯಿಂದ ಎದ್ದು ಉಣ್ಣುವ ಸದ್ದು.

ಹಾಲುತೊಂಡೆ ಬಡಿಯಲಿಲ್ಲ.
ಎಂಟನೇ ದಿನಕ್ಕೆ ಹಣ್ಣಾದವು, ಚಂದ್ರಂಕಿಗೆ ಬಿಟ್ಟೆವು.
ಗೂಡು ಚೆನ್ನಾಗಿಯೇ ಬಂತು.
ಅದನ್ನು ಬಾಯಿಬಿಟ್ಟು ಹೇಳಲು ನಮಗೆ ನಾಚಿಕೆ.

ಅದೇ ಬೆಳಗಿನ ಬಸ್ಸು. ಚೀಲಗಳು ಮೇಲೆ,
ನಾಯನ ಮತ್ತು ನಾನು ಹಿಂದಿನ ಸೀಟು.
ಮಾರುಕಟ್ಟೆಯಲ್ಲಿ ಗುಮಾಸ್ತ ಹೆಸರು ಕೇಳಿದ.
ಮುನೇಂದ್ರ, ಎಂದ ನಾಯನ.
ತಂದೆ ಹೆಸರು?
ಗಂಗುಲಪ್ಪ.
ಗುಮಾಸ್ತ ತಲೆಯೆತ್ತದೆ ಬರೆದ. ಮೂವತ್ತೊಂದು ಕೆ.ಜಿ.
ಪಾಲು ಹಂಚುವಾಗ ಚೀಟಿ ತೋರಿಸು ಎಂದರು ಆವಲಪ್ಪನವರು.
ಕಳೆದುಹೋಯಿತು ಎಂದು ಬಾಯಲ್ಲೇ ಲೆಕ್ಕ ಒಪ್ಪಿಸಿ
ನೂರು ರೂಪಾಯಿ ಜಾಸ್ತಿಯೇ ಕೊಟ್ಟ.
ಸೂರಿನ ಸಂದಿಯಲ್ಲಿ ಅದು ಈಗಲೂ ಇದೆ,
ಹೊಗೆಗೆ ಕಂದುತ್ತಾ.

ಮಾರದೆ ಉಳಿದದ್ದು ಒಂದು ಹಿಡಿ ಜಿಲ್ಲಿ,
ಒತ್ತಿದರೆ ತಗ್ಗುವ ತೆಳು ಗೂಡು.
ಬಾಲಕ್ಕ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗೆ ಇದೆ, ಕೇಳು, ಎಂದು ಅಮ್ಮನ ಕೈಗಿಟ್ಟಳು.
ಅಮ್ಮ ಅಲ್ಲಾಡಿಸಿದಳು.
ಒಲೆಯ ಮೇಲೆ ಮುದ್ದೆಯ ಎಸರು ಉಕ್ಕಿ ಕೆಂಡಕ್ಕೆ ಬೀಳುತ್ತಿತ್ತು.
ಇನ್ನೊಂದು ಸಲ ಅಲ್ಲಾಡಿಸಿದಳು.