ರವಿವಾರದ ಪೆಟ್ರೋಲು

ಇಕಾ, ಹಿಡಿ ಶಾಹೀನಾ. ಅಂಜಬ್ಯಾಡ.
ಮುಚ್ಚಳ ಎತ್ತೂದು ಹೆಬ್ಬೆರಳಿನ ಉಗುರಿಂದ,
ಗಾಲಿ ತಿರುವೂದು ಹೆಬ್ಬೆರಳಿನ ಮಾಂಸದಿಂದ.
ಮೇಣಬತ್ತಿ ಸೆರಗಿನ ಮ್ಯಾಲ ಹನಿತೈತಿ,
ಕಡ್ಡಿ ಗೀರಿದ್ರ ಫ್ಯಾನಿನ ಗಾಳಿಗೆ ಸೋಲತೈತಿ,
ಹತ್ತು ರೂಪಾಯಿ ಪ್ಲಾಸ್ಟಿಕ್ಕಿಂದು
ನಾಕನೇ ಕುಚ್ಚಿಗೇ ಬೆರಳು ಸುಡತೈತಿ.
ಇದು ಹಿತ್ತಾಳಿ. ಇದೂ ಬಿಸಿ ಆಗತೈತಿ,
ಆದ್ರ ಮೊದಲು ಹೇಳಿ ಆಗತೈತಿ.

ಗಂಟು ಬಿಗಿ. ಎಳಿ ಕತ್ತರಸು. ತುದಿ ತೋರಸು,
ಮುಟ್ಟಸಬ್ಯಾಡ, ತೋರಸು ಅಷ್ಟ.
ಪಾಲಿಸ್ಟರ್ ತಾನ ನಾಚಿ ಮುದ್ದಿ ಆಗತೈತಿ.
ರೇಷ್ಮಿ ಬಂತೋ, ಮುಚ್ಚಳ ಹಾಕು.
ರೇಷ್ಮಿ ಕರಗಂಗಿಲ್ಲ, ಕೂದಲ ಸುಟ್ಟಂಗ ನಾರತೈತಿ,
ಬೆಟಗೇರಿ ಮಂದಿ ಮೂಗಿನಿಂದನ ಲೆಕ್ಕ ಹಿಡೀತಾರ.

ಬತ್ತಿ ಉದ್ದ ಬಿಟ್ಟರ ಮಸಿ.
ಒಮ್ಮೆ ಮದುವಿ ಸೀರಿ, ಹಾಲಿನ ಬಣ್ಣದ ಸೆರಗು,
ಹದಿನೆಂಟು ಕುಚ್ಚಿಗೆ ಹದಿನೆಂಟು ಕಾಡಿಗಿ ಬೊಟ್ಟು.
ಮಜೂರಿ ಹೋತು, ಮ್ಯಾಲ ನೂರಾ ಐವತ್ತು ದಂಡ.
ಅವತ್ತಿಂದ ಬತ್ತಿ ಚಿಮಟಿಗಿಲೆ ಎಳದು
ಜ್ವಾಳದ ಕಾಳಿನಷ್ಟ ಬಿಟ್ಟು ಕತ್ತರಸೂದು.
ನಾನಲ್ಲ. ಅವರು.

ಅಲ್ಲಿ ಮಗ್ಗದ ಕುಣಿ ದಂಡಿಗೆ ಕುಂತಾರಲ್ಲ,
ಮುಖ ಪೇಪರಿನಾಗ, ಕಿವಿ ಇತ್ತ.
ವಾಸ್ಕೋದಾಗ ಒಬ್ಬ ಹಡಗಿನಾಂವ ಕೊಟ್ಟದ್ದಂತ,
ಎರಡು ಸೀರಿಗೆ ಬದಲಿ.
ತಳದಾಗ ಮೊಳಿಲೆ ಕೆತ್ತಿದ ಹೆಸರೈತಿ,
ನಾ ಹೇಳಂಗಿಲ್ಲ, ನೀನ ಓದಿಕೋ.
ಇಪ್ಪತ್ತಾರು ವರ್ಷ ಸಿಗರೇಟು, ಅದಕ್ಕೂ ಮೊದಲು ಬೀಡಿ.
ಡಾಕ್ಟರು ಎದಿ ಫೋಟೋ ಬೆಳಕಿಗೆ ಹಿಡದು ತೋರಿಸಿದ ದಿನ
ಹುಬ್ಬಳ್ಳಿಯಿಂದ ಬಸ್ಸಿನಾಗ ಒಂದು ಮಾತಿಲ್ಲ.
ಅಣ್ಣಿಗೇರಿ ದಾಟಿದ ಮ್ಯಾಲ
ಪಾಕೀಟು ಕಿಡಕಿಯಿಂದ ಒಗದರು.
ಇದನ್ನ ಒಗೀಲಿಲ್ಲ. ನನ್ನ ಉಡಿಯಾಗ ಇಟ್ಟು
"ಕುಚ್ಚಿಗೆ ಬರತೈತಿ" ಅಂದರು.

ತಪ್ಪು ನಂದೂ ಐತಿ. ಮರುದಿನಾನ
ಹುಣಸಿಹಣ್ಣು, ಬೂದಿ ಹಚ್ಚಿ
ದೇವರ ಸಮೆ ತಿಕ್ಕಿದಂಗ ತಿಕ್ಕಿದೆ.
ಬಂಗಾರದಂಗ ಬಂತು. ಒಯ್ದು ಮುಂದ ಹಿಡದೆ.
ಹೊಳ್ಳಿಸಿ ಹೊಳ್ಳಿಸಿ ನೋಡಿ
"ಯಾರದಿದು?" ಅಂದರು.
ಹೆಬ್ಬೆರಳು ಕುಂಡ್ರೂ ಜಾಗದಾಗ
ಒಂದು ಕಂದು ನೆರಳಿತ್ತಂತ. ಹೋಗಿತ್ತು.
ನಾಕು ವರ್ಷಕ್ಕ ಮತ್ತ ಬಂದೈತಿ, ನೋಡಿಲ್ಲಿ,
ಸ್ವಲ್ಪ ಬ್ಯಾರೆ ಜಾಗದಾಗ.
ನನ್ನ ಬೆರಳು ಗಿಡ್ಡ.

ಹಚ್ಚಲಿ ಬಿಡಲಿ, ಎಂಟು ದಿನಕ್ಕ ಪೆಟ್ರೋಲು ಆರತೈತಿ.
"ನೀ ತುಂಬಬ್ಯಾಡ" ಅಂತಾರ.
ರವಿವಾರ ಊಟ ಆದ ಮ್ಯಾಲ, ಒಲಿ ಆರಿಸಿದ ಮ್ಯಾಲ,
ಅಂಗಳದಾಗ ಹಳೇ ಗೋಣಿಚೀಲ ಹಾಸಿ ಕುಂದ್ರತಾರ.
ಒಳಗಿನ ಡಬ್ಬಿ ಎಳದು, ತಳದ ಬನಾತಿನ ತುಂಡು ಎತ್ತಿ
ಸಿರಿಂಜಿಲೆ ಹನಿ ಹನಿ ಬಿಡತಾರ.
ಹತ್ತಿ ಒದ್ದಿ ಆದ್ರ ಸಾಕು, ಹನಿ ಮ್ಯಾಲ ನಿಂದರಬಾರದು.
ಗಾಲಿಯ ಹಲ್ಲಿಗೆ ಹಳೇ ಬ್ರಷ್ಷು,
ಮುಚ್ಚಳದ ಕೀಲಿಗೆ ಹೊಲಿಗಿ ಮಿಶಿನ್ನಿನ ಎಣ್ಣಿ, ಸೂಜಿ ಮೊನಿಯಷ್ಟ.
ಕಲ್ಲು ಸವದಿದ್ರ ಸ್ಕ್ರೂ ಬಿಚ್ಚಿ ಹೊಸಾ ಕಲ್ಲು.
ಒಮ್ಮೆ ಸ್ಪ್ರಿಂಗು ಹಾರಿ ಮೂರು ದಿನ ಹುಡುಕಿದೆವು,
ಸಿಕ್ಕಿದ್ದು ತುಳಸಿಕಟ್ಟಿ ಬುಡಕ, ಇರಬಿ ಗೂಡಿನ ಬಾಯಾಗ.
ಎಲ್ಲಾ ಆದ ಮ್ಯಾಲ ಸಾಬಾಣ ಹಚ್ಚಿ ಕೈ ತೊಳೀತಾರ,
ಹೊರಗಿನ ಹಸಿ ಆರೂತನಕ ಕಾಯತಾರ,
ಆಮ್ಯಾಲ ಹಚ್ಚತಾರ. ಒಂದ ಸಲ.
ಮುಖದ ಹತ್ತರ ತಂದು, ಗಾಳಿಗೆ ಕೈ ಅಡ್ಡ ಹಿಡದು,
ತುಟಿ ಒಂಚೂರು ಮುಂದ.
ತುಟಿಯಾಗ ಏನೂ ಇಲ್ಲ.
ಮುಚ್ಚಿ ನನಗ ಕೊಡತಾರ.

ಸಾಕು, ಈಗ ಮುಚ್ಚು. ಊದಬ್ಯಾಡ,
ಟಪ್ ಅಂತ ಮುಚ್ಚು.
ನೋಡಿದೀ? ಆ ಸಪ್ಪಳಕ್ಕ
ಅವರ ಕೈ ಅಂಗಿ ಕಿಸೆಕ್ಕ ಹೋತು,
ಚಾಳೀಸು ಹುಡುಕಿದಂಗ ಮಾಡತಾರ.
ಚಾಳೀಸು ಮೂಗಿನ ಮ್ಯಾಲನ ಐತಿ.

ನಗಬ್ಯಾಡ.
ಮುಂದಿನ ಗಂಟು ಹಿಡಿ.