ಸಂದು

ಗದಗ ರೋಡಿನ ಹಳೇ ರೇಲ್ವೆ ಬಂಗಲೇದ ಹಿತ್ತಲದಾಗ
ಇದರ ಸೀಟಿನ ಮ್ಯಾಲ ಕೋಳಿ ಕಾವಿಗೆ ಕೂತಿತ್ತು.
ಕೋಳಿ ಎಬ್ಬಿಸಿ, ಟೆಂಪೋದಾಗ ಹೇರಿಸಿ ತಂದೆ.
ಮನಿಯವರು ಸುತ್ತ ಒಂದ ಸಲ ತಿರುಗಿ ನೋಡಿ,
'ತತ್ತೀನೂ ತಂದಿದ್ರ ಏನರೆ ಹುಟ್ಟತಿತ್ತು' ಅಂದ್ರು.

ಎಂ.ಜಿ. ಮಿಡ್ಜೆಟ್, ಅರವತ್ತೆರಡನೇ ಇಸವಿ.
ಬಾಗಲಕ್ಕ ಹೊರಗ ಹಿಡಿಕಿಲ್ಲ, ನೆತ್ತಿಗೆ ಛಾವಣಿಲ್ಲ.
ದಿನಾ ಮಳಿ ಸುರಿಯೋ ದೇಶದಾಗ ಹುಟ್ಟಿ
ಎರಡ ಹನಿ ಬಿದ್ರ ಸಾಕು, ನಿಂತ ಬಿಡತೈತಿ.

ಬೆಳಿಗ್ಗೆ ಚೋಕು ಎಳೀಬೇಕು
ಒಗ್ಗರಣಿಗೆ ಇಂಗು ಹಾಕಿದಂಗ.
ಹೆಚ್ಚಾತೋ, ವಿದ್ಯಾನಗರಕ್ಕೆಲ್ಲ ಪೆಟ್ರೋಲ ನಾತ.
ಕಮ್ಮಿ ಆತೋ, ಒಂದ ಸಲ ಕೆಮ್ಮಿ
ಮಗ್ಗಲಾ ಬದಲಿಸಿ ಮತ್ತ ಮಲಗತೈತಿ.

ಹೊಸೂರ ಸಿಗ್ನಲ್‌ದಾಗ ಸ್ಕೂಟಿ ಹುಡುಗ ಬಗ್ಗಿ ಕೇಳಿದ:
'ಎಂ.ಜಿ. ಏನ್ರಿ ಮ್ಯಾಡಮ್? ಒಂದ ಚಾರ್ಜಿಗೆ ಎಷ್ಟ ಹೋಕ್ಕೈತಿ?'
'ಒಂದ ಹರಕಿಗೆ ನವಲೂರ ತನಕ' ಅಂದೆ.
ಅವಂಗ ತಿಳೀಲಿಲ್ಲ. ಹಸಿರು ಬಿತ್ತು. ನಂದು ಬಂದಾತು.

ನವಲೂರಿನ ಪೇರಲಹಣ್ಣಿನ ಫಕೀರವ್ವಗ ಗೊತ್ತೈತಿ ಇದರ ಕಥಿ.
ದೂರಿಂದನ ಸದ್ದ ಕೇಳಿ
ಗಾಲಿಗೆ ಕೊಡಾಕ ಕಲ್ಲ ಹುಡುಕಿ ಇಟ್ಟಿರತಾಳ.
'ನಿಂದ್ರಲಿ ಬಿಡ ಯವ್ವಾ, ಇದು ನಿಂತ ದಿನ
ನೋಡಾಕ ಬಂದ ಮಂದಿ ಹಣ್ಣ ತಗೋತಾರ.'

ನಾ ಹಲ್ಲಿನ ಡಾಕ್ಟರ. ಬಾಯಿ ನೋಡೋ ಕನ್ನಡಿ
ಬಾನೆಟ್ಟಿನ ಸಂದ್ಯಾಗ ಇಳಿಸಿ ಹುಡಕತೀನಿ
ಎಲ್ಲಿ ಸೋರತೈತಿ, ಎಲ್ಲಿ ಸೀಳೇತಿ.
ಹುಳಕು ಕೆರೆಯೋ ಮೊನಚಿನ್ಲೆ
ಕಾರ್ಬೊರೇಟರಿನ ಜೆಟ್ಟಿನ ಕಸ ತಗೀತೀನಿ.
ಪೇಶೆಂಟರು ಕೂತ ಕಾಯತಾರ,
ಕೈಯಾಗಿನ ಎಣ್ಣಿ ವಾಸನಿಗೆ ಗ್ಲೌಸ್ ಹಾಕ್ಕೋತೀನಿ.

ಆದ್ರ ಇದರ ನಾಡಿ ಹಿಡದಾಂವ ಹಜರೇಸಾಬ ನದಾಫ,
ರೇಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತೆಂಟ ವರ್ಷ ಲೇಥು ತಿರುವಿದಾಂವ.
ಊರೆಲ್ಲ ಮಿಲಿಮೀಟರ್ ಆದ್ರೂ
ಅವನ ಮಂಚದ ಕೆಳಗಿನ ಟ್ರಂಕಿನಾಗ ಇನ್ನೂ ಇಂಚ ಐತಿ,
ಇಂಚಿನ ಪಾನಾ, ಅರಿವ್ಯಾಗ ಸುತ್ತಿ ಇಟ್ಟದ್ದು.

ಈಗ ಕೈ ನಡಗತಾವ. ಸ್ಟೂಲ್ ಮ್ಯಾಲ ಕೂತು ಹೇಳತಾನ, ನಾ ಮಾಡತೀನಿ.
'ಫೀಲರ್ ತೂರಿಸ್ರಿ. ಹನ್ನೆರಡ ಥೌ. ಬಿಗೀಬ್ಯಾಡ್ರಿ ಬಾಯಿ!
ಸಂದ ಇಲ್ದಂಗ ಬಿಗದ್ರ ಕಾಯ್ದಾಗ ಕಬ್ಬಿಣ ಹಿಗ್ಗಿ ಉಸರ ಕಟ್ಟತೈತಿ.
ಭಾಳ ಬಿಟ್ರ, ಕೇಳ್ರಲ್ಲ, ಬಾಯಿ ಬಡ್ಕೋತೈತಿ.'

ಪಗಾರ ಒಲ್ಲೆ ಅಂದ. ಬದಲಿಗೆ ಹಲ್ಲಿನ ಸೆಟ್ಟ ಮಾಡಿ ಕೊಟ್ಟೆ.
ವಾರಕ್ಕ ಬಂದು ನನ್ನ ಕುರ್ಚ್ಯಾಗ ಕೂತು
'ಟ್ಯಾಪೆಟ್ ಸದ್ದ ಮಾಡಾಕತ್ತೈತ್ರಿ' ಅಂತ ದವಡಿ ತೋರಿಸಿದ.
ತಿಕ್ಕಿದೆ ಒಂದಿಷ್ಟು. ಕಚ್ಚಿ ನೋಡಿದ. 'ಇನ್ನೂ ಎರಡ ಥೌ.'

ಹೋದ ಶುಕ್ರವಾರ ರಾತ್ರಿ ಅವನ ಮಗಳ ಮನಿಗೆ ಧಾರವಾಡಕ್ಕ ಹೊಂಟ್ವಿ.
ಗಾಳಿಗೆ ಹೋದಾವು ಅಂತ ಹಲ್ಲು ಬಿಚ್ಚಿ ಕರ್ಚೀಫಿನ್ಯಾಗ ಕಟ್ಟಿ
ಕಿಸೇದಾಗ ಇಟ್ಕೊಂಡ. ಉಣಕಲ್ ಕೆರಿ ದಾಟಿದ್ವಿ.
ಎಂಜಿನ್ ಅಂಥಾದ್ದು ಎಂದೂ ಹೊಡದಿಲ್ಲ, ರೇಶ್ಮಿ ಹರದಂಗ,
ಗಿಡಾ, ಗ್ವಾಡಿ, ಬಸ್ ಸ್ಟಾಪ್ ಎಲ್ಲಾ ಹಿಂದ ಹಿಂದ.
ನಾ ಏನೋ ಚೀರಿದೆ, ಖುಷಿಗೆ. ಆಗ
ಎರಡೂ ದೀಪ ಹೋದುವು.

ಮುಂದ ಚಿಗರಿ ಬಸ್ಸಿನ ಕೆಂಪ ಬೆಳಕ. ಅದನ್ನ ಹಿಡಕೊಂಡ ಹೊಂಟೆ.
ಹಜರೇಸಾಬ ಡ್ಯಾಶ್‌ಬೋರ್ಡ್ ಮ್ಯಾಲ ಅಂಗೈಲೆ ಬಡದ.
ಬಂದುವು. ಹೋದುವು. ಮತ್ತ ಬಡದ.
ಹಂಗ ಬಡಕೊಂತ, ಬೋಡ ಬಾಯಿಲೆ
ಧಾರವಾಡದ ತನಕಾ ನಕ್ಕೋತ ಬಂದ.

ಮುಂಜಾನೆ ನೋಡತೀನಿ, ಗಾಡಿ ಕೆಳಗ, ಎಣ್ಣಿ ತೊಟ್ಟಿಕ್ಕೋ ಜಾಗಾಕ್ಕ ಸರಿಯಾಗಿ
ಯಾರೋ ಹಳೇ ರೊಟ್ಟಿ ಪರಾತ ಸರಿಸಿ ಇಟ್ಟಾರ.
ಮನಿಯವರು ಪೇಪರಿನ ಹಿಂದ.
ನಾನೂ ಕೇಳಲಿಲ್ಲ.