ನಡಾವಳಿಗೆ ಸೇರದ್ದು

ವಲಯ ಕಚೇರಿಯ ಮೂರನೇ ಮಹಡಿ. ಎಸಿ ಕೆಟ್ಟಿದೆ.
ಪರದೆಯ ಮೇಲೆ ‘ಕಲಿತ ಪಾಠಗಳು’ ಎಂಬ ಅಕ್ಷರ
ಫ್ಯಾನಿನ ಗಾಳಿಗೆ ತುಸು ನಡುಗುತ್ತಿದೆ.
ಗೋಡಂಬಿ ಬಿಸ್ಕತ್ತಿನ ತಟ್ಟೆ
ಮುಂದಿನ ಸಾಲಿನಲ್ಲೇ ಸುತ್ತುತ್ತಿದೆ.
ನಾನು ಗುಮಾಸ್ತ, ಹಿಂದೆ ಕೂತು
ಎಲ್ಲರ ಮಾತನ್ನೂ ಒಂದೊಂದು ಸಾಲಿಗೆ ಇಳಿಸುವವನು:
‘ಸಮನ್ವಯ ಹೆಚ್ಚಿಸುವುದು.’
‘ಸನ್ನದ್ಧತೆ ಬಲಪಡಿಸುವುದು.’

ಆಗ ಎದ್ದರು ಮುನಿಲಕ್ಷ್ಮಮ್ಮ. ಆಶಾ ಕಾರ್ಯಕರ್ತೆ,
ಹಲಸೂರಿನ ಹಿಂದಿನ ಗಲ್ಲಿಗಳು ಅವರವು.
ಮೈಕು ಬೇಡವೆಂದರು.
‘ಸಾರ್, ಸಿಲಿಂಡರ್ ಬಂತು. ಪಾನಾ ಬರ್ಲಿಲ್ಲ.’

ಅಷ್ಟೇ ಅಂದುಕೊಂಡೆವು. ಅವರು ಕೂರಲಿಲ್ಲ.
‘ಪುಷ್ಪರಾಜನ ಮನೆ, ನಾಗರಕಟ್ಟೆ ಪಕ್ಕ.
ರಾತ್ರಿ ಹನ್ನೊಂದೂಕಾಲು. ಇಬ್ರು ಹುಡುಗ್ರು
ಎರಡು ಮಹಡಿ ಹೊತ್ತು ತಂದ್ರು, ತುಂಬಿದ ಸಿಲಿಂಡರು.
ಬಾಯಿ ತೆಗ್ಯೋಕೆ ಪಾನಾ ಇಲ್ಲ.
ಪಂಕ್ಚರ್ ಅಂಗಡಿಯೋನು ಪಾಲಕ್ಕಾಡಿಗೆ ಹೋಗ್ಬಿಟ್ಟಿದ್ದ.
ನಲ್ಲಿ ರಿಪೇರಿ ಅಂತೋಣಿ ಬಾಗಿಲು ತೆಗೀಲಿಲ್ಲ,
ಕಿಟಕಿಯಿಂದ ಒಂದು ಎಸೆದ. ಅಳತೆ ಬೇರೆ.
ಕಲ್ಲಲ್ಲಿ ಹೊಡೆದ್ವಿ, ಇಕ್ಕಳ ಹಾಕಿ ತಿರುವಿದ್ವಿ.
ತುಂಬಿದ ಕೊಡದ ಪಕ್ಕ ಬಾಯಾರಿ ಸತ್ತೋರ ಕತೆ
ಕೇಳಿದೀವಲ್ಲ ಸಾರ್, ನಾನು ನೋಡ್ದೆ.’

ಸಭೆಯಲ್ಲಿ ಯಾರೋ ಕೆಮ್ಮಿದರು.
ಕೆಮ್ಮಿದವರನ್ನು ಎಲ್ಲರೂ ತಿರುಗಿ ನೋಡಿದೆವು.
ಅದೊಂದು ಅಭ್ಯಾಸ ಇನ್ನೂ ಉಳಿದಿದೆ.
‘ತಮ್ಮ ಸಲಹೆ?’ ಎಂದರು ಅಧ್ಯಕ್ಷತೆ ವಹಿಸಿದವರು.
‘ಸಲಹೆ ಏನಿಲ್ಲ. ಸಿಲಿಂಡರಿಗೆ ಪಾನಾ ಕಟ್ಟಿಡಿ,
ಮೇಕೆಗೆ ಗಂಟೆ ಕಟ್ದಂಗೆ.’

ನಾನು ಬರೆದೆ:
‘ಪೂರಕ ಉಪಕರಣಗಳ ಲಭ್ಯತೆ ಖಚಿತಪಡಿಸುವುದು.’
ಬರೆದು ಓದಿದೆ. ಅದರಲ್ಲಿ ಪುಷ್ಪರಾಜನಿಲ್ಲ,
ಹನ್ನೊಂದೂಕಾಲಿಲ್ಲ.
ಪಾನಾವೂ ಇಲ್ಲ.

ಈ ಊರಿಗೆ ಮರೆವು ಹೊಸದಲ್ಲ.
ನೂರಿಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಪೇಟೆಯಲ್ಲಿ ಇಲಿ ಬಿದ್ದಾಗ
ಗಾಳಿಯಾಡಲೆಂದು ಅಗಲ ಬೀದಿ ಬಿಡಿಸಿದರು,
ಬಸವನಗುಡಿ, ಮಲ್ಲೇಶ್ವರ, ಮನೆಗಳ ಬೆನ್ನಿಗೊಂದು ಓಣಿ.
ಆ ಓಣಿಯಲ್ಲೀಗ ತುಕ್ಕು ಹಿಡಿದ ಸ್ಕೂಟರು, ಯಾರದೋ ಶೆಡ್ಡು,
ಒಗೆದು ಹರವಿದ ಸೀರೆ.
ಪ್ಲೇಗಮ್ಮನ ಗುಡಿಯಲ್ಲಿ ಮಾತ್ರ ಮಂಗಳವಾರ ತಪ್ಪದೆ
ನಿಂಬೆಹಣ್ಣಿನ ದೀಪ. ರೋಗ ಮರೆತವರೂ ಕೈಮುಗಿಯುತ್ತಾರೆ.
‘ಅವಳ ಹೆಸರೇ ಒಂದು ನೋಟೀಸು ಕಣೋ’
ಎನ್ನುತ್ತಿದ್ದಳು ಅವ್ವ, ಕುಂಕುಮ ಇಡುತ್ತ.

ಸಭೆ ಮುಗಿಯಿತು. ಊಟಕ್ಕೆ ಹೋಗದೆ
ನೆಲಮಾಳಿಗೆಯ ಸ್ಟೋರಿಗೆ ಇಳಿದೆ.
ಒಂಬತ್ತು ಸಿಲಿಂಡರು, ಮೈತುಂಬ ಧೂಳು,
ಪಕ್ಕದಲ್ಲಿ ಕೆಟ್ಟ ಫಾಗಿಂಗ್ ಮೆಷಿನ್ನು, ಚುನಾವಣೆಯ ಹಳೇ ಬ್ಯಾನರು.
ಪಾನಾ ಎರಡು. ಮೂರನೆಯದೆಲ್ಲಿ ಎಂದರೆ
ಸ್ಟೋರಿನ ತಿಪ್ಪೇರುದ್ರಯ್ಯ ಹೇಳಿದ:
‘ಸಾಹೇಬ್ರ ಮನೆ ನಲ್ಲಿ ಸೋರ್ತಿತ್ತು.’

ಕಡತ ಕಟ್ಟುವ ಕೆಂಪು ಲಾಡಿ ಜೇಬಿನಲ್ಲಿತ್ತು.
ಎರಡನ್ನು ಎರಡಕ್ಕೆ ಕಟ್ಟಿದೆ.
ಕಟ್ಟುವಾಗ ಬೆರಳು ತಾನೇ ತಿರುಗಿತು:
ಎರಡು ಸುತ್ತು, ಒಳಗಿಂದ ಒಂದು, ಎಳೆದರೆ ಬಿಗಿ.
ಆ ಮೇ ತಿಂಗಳು ನನಗೆ ಚಿತಾಗಾರದ ಡ್ಯೂಟಿ,
ಬೂದಿಯ ಕುಡಿಕೆಗಳಿಗೆ ಹೆಸರಿನ ಚೀಟಿ ಕಟ್ಟುವುದು.
ಯಾರೂ ಕೇಳಿಕೊಂಡು ಬಾರದ ಕುಡಿಕೆಗೆ
ಇನ್ನೊಂದು ಗಂಟು ಹೆಚ್ಚಿಗೆ ಹಾಕುತ್ತಿದ್ದೆ,
ಬಹಳ ದಿನ ಕಾಯಬೇಕಲ್ಲ ಎಂದು.

‘ಇದನ್ನ ಬಿಚ್ಚಬಾರ್ದಾ ಸಾರ್?’
‘ಯಾರು ಕೇಳಿದರೂ ಬಿಚ್ಚಬೇಡ.’
ಮೇಲಿಂದ ಕೂಗು: ಅನ್ನ ಆರ್ತಾ ಇದೆ ಬನ್ನಿ.
ಇಂಡೆಂಟ್ ಪುಸ್ತಕ ತೆಗೆಸಿ, ನಿಂತೇ ಬರೆದೆ.
ಪಾನಾ, ಏಳು.
ಕಾರಣ ಎಂಬ ಕಾಲಮ್ಮಿನಲ್ಲಿ
ಪುಷ್ಪರಾಜ, ರಾತ್ರಿ ಹನ್ನೊಂದೂಕಾಲು.